ವೇದಿಕೆ ಮೇಲೆ ಕೊಟ್ಟ ಎರಡು ಎಕರೆ ಎಲ್ಲಿದೆ ಸ್ವಾಮಿ?

ಬೆಳಿಗ್ಗೆಯಿಂದ ಒಂದೇ ಫೋಟೋ ತಿರುಗ್ತಿದೆ. ಮಾಜಿ ಸೈನಿಕರ ಸಂಘದ ಕಟ್ಟಡಕ್ಕೆ ಎರಡು ಎಕರೆ ಸರ್ಕಾರಿ ಜಮೀನು ಮಂಜೂರು. ಹಾರ, ಶಾಲು, ಪೇಟ. ಒಂದು ಕಾಗದಕ್ಕೆ ಹನ್ನೆರಡು ಕೈ. ಕಾಗದವನ್ನು ದೊಡ್ಡದು ಮಾಡಿ ಓದಿ: ಸರ್ವೆ ನಂಬರ್ ಇಂತಿಷ್ಟರ 'ಪೈಕಿ' 2 ಎಕರೆ. ನಾಲ್ಕೂ ದಿಕ್ಕಿನ ಗಡಿ ಹೇಳುವ ಚೆಕ್ಕುಬಂದಿ ಇಲ್ಲ, ನಕ್ಷೆ ಇಲ್ಲ. ಆ ಪೈಕಿ ನೋಡಿಯೇ ನನ್ನ ಬಿಪಿ ಏರಿದ್ದು.

ದರ್ಖಾಸ್ತು ಜಮೀನಿಗೆ, ಅಂದರೆ ಅರ್ಜಿ ಹಾಕಿ ಪಡೆಯುವ ಸರ್ಕಾರಿ ಜಮೀನಿಗೆ, ಅಲೆದವರಿಗೆ ಪೈಕಿ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ದೊಡ್ಡ ಸರ್ವೆ ನಂಬರಿನೊಳಗೆ ಎಲ್ಲೋ ಒಂದು ಪಾಲು, ಯಾವ ಮೂಲೆ ಅಂತ ಗುರುತಿಲ್ಲ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಹೇಳುವ ಆಕಾರ್‌ಬಂದ್ ದಾಖಲೆ ಪ್ರಕಾರ 40 ಎಕರೆ ಅಂತಿಟ್ಟುಕೊಳ್ಳಿ. ಅದೇ ನಂಬರಿನಲ್ಲಿ ಹಂಚಿದ ಆದೇಶಗಳನ್ನೆಲ್ಲ ಕೂಡಿದರೆ 52 ಬರುತ್ತೆ. ಮೇಲಿನ 12 ಎಕರೆ ಕಾಗದದಲ್ಲೇ ಬೆಳೆದ ಬೆಳೆ. ಪೋಡಿ, ಅಂದರೆ ಅಳೆದು ಪಾಲು ಬೇರ್ಪಡಿಸುವುದು, ಆಗದೆ ಹೊಸ ನಂಬರ್ ಇಲ್ಲ, ಗಡಿ ಕಲ್ಲೂ ಇಲ್ಲ. ಪೋಡಿಗೆ ಮೂಲ ಮಂಜೂರಾತಿ ಕಡತಗಳು ಬೇಕು. ರೆಕಾರ್ಡ್ ರೂಮಿನಿಂದ 'ಲಭ್ಯವಿಲ್ಲ' ಅಂತ ಹಿಂಬರಹ ಬರುತ್ತೆ. ಮುಗೀತು ಕಥೆ.

ಆ ಜಮೀನು ದನ ಮೇಯಲು ಬಿಟ್ಟ ಗೋಮಾಳವಾದರೆ ಇನ್ನೊಂದು ತಕರಾರು. ಭೂ ಕಂದಾಯ ನಿಯಮ 97ರ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಉಳಿಸಬೇಕು. ಊರಲ್ಲಿ 400 ದನ, ಗೋಮಾಳ 110 ಎಕರೆ ಇದ್ದರೆ ಕೊಡಲು ಒಂದು ಗುಂಟೆಯೂ ಇಲ್ಲ. ಊರಿನ ಯಾರಾದರೊಬ್ಬರು, ಊರ ಸಾರ್ವಜನಿಕ ಜಮೀನಿನ ಒತ್ತುವರಿ ತೆರವು ಮಾಡಿ ಎಂದ ಜಗಪಾಲ್ ಸಿಂಗ್ ಪ್ರಕರಣದ 2011ರ ಸುಪ್ರೀಂ ಕೋರ್ಟ್ ತೀರ್ಪು ಹಿಡಿದು ಹೈಕೋರ್ಟ್ ಮೆಟ್ಟಿಲೇರಿದರೆ ಸಂಘದ ದೇಣಿಗೆಯೆಲ್ಲ ವಕೀಲರ ಫೀಸಿಗೇ ಸರಿ.

'ದೇಶ ಕಾದವರಿಗೆ ಕಾನೂನು ಪಾಠ ಮಾಡ್ತೀರಾ?' ಅಂತ ಕಾಮೆಂಟ್ ಬರುತ್ತೆ, ಗೊತ್ತು. ಅವರಿಗಲ್ಲ, ಕೊಟ್ಟವರಿಗೆ ಮಾಡ್ತಿದ್ದೀನಿ. ಸೇನಾ ನಕ್ಷೆಯ ಆರಂಕಿ ಗ್ರಿಡ್ ಸಂಖ್ಯೆ ಹಿಡಿದು ಕತ್ತಲಲ್ಲಿ ನೂರು ಮೀಟರಿನೊಳಗೆ ಜಾಗ ಗುರುತಿಸಿದವರ ಕೈಗೆ ಪೈಕಿ ಕೊಡುವುದೇ ಅವಮಾನ. 1969ರ ಭೂ ಮಂಜೂರಾತಿ ನಿಯಮದಲ್ಲಿ ಸೈನಿಕರಿಗೆ ಶೇ. 10 ಮೀಸಲಿದೆಯಲ್ಲ ಅನ್ನಬೇಡಿ. ಅದು ವ್ಯಕ್ತಿಗೆ ಕೊಡುವ ಸಾಗುವಳಿ ಜಮೀನಿನ ಮಾತು, ಸಂಘದ ಕಟ್ಟಡಕ್ಕಲ್ಲ.

ಮನಸ್ಸಿದ್ದರೆ ಆಗುತ್ತೆ. ಮಡಿಕೇರಿಯ ಸನ್ನಿ ಸೈಡ್, ಜನರಲ್ ತಿಮ್ಮಯ್ಯನವರ ಮನೆ, ವರ್ಷಗಟ್ಟಲೆ ಆರ್‌ಟಿಓ ಕಚೇರಿಯಾಗಿತ್ತು. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳೇ ಬಂದು ಮ್ಯೂಸಿಯಂ ಉದ್ಘಾಟಿಸಿದರು. ಅಲ್ಲಿ ಜಾಗ ಎಲ್ಲಿದೆ ಅಂತ ಯಾರೂ ಹುಡುಕಬೇಕಿರಲಿಲ್ಲ.

ಮೊದಲು ಅಳತೆ, ಮಹಜರು, ದನಗಳ ಲೆಕ್ಕ, ಡೀಮ್ಡ್ ಫಾರೆಸ್ಟ್ (ಅರಣ್ಯವೆಂದೇ ಪರಿಗಣಿಸುವ ಜಾಗ) ಅಲ್ಲ ಅಂತ ಅರಣ್ಯ ಇಲಾಖೆಯ ಪತ್ರ. ಆಮೇಲೆ ಆದೇಶ, ಹಾರ. ನಮ್ಮಲ್ಲಿ ಹಾರ ಬೇಗ ಬಾಡುತ್ತೆ ಅಂತಲೋ ಏನೋ, ಅದೇ ಮೊದಲು.

ಸಂಘದವರೇ, ಶಾಲು ಮಡಚಿಟ್ಟು ಸೋಮವಾರವೇ ಆ ಸರ್ವೆ ನಂಬರಿನ ಆಕಾರ್‌ಬಂದ್, ಮೂಲ ಅಳತೆಯ ಟಿಪ್ಪಣಿ, ಗ್ರಾಮ ನಕ್ಷೆಯ ನಕಲಿಗೆ ಅರ್ಜಿ ಹಾಕಿ. ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಸಂಘದ ಹೆಸರು ಕೂರುವ ತನಕ ಇಂಜಿನಿಯರ್‌ಗೆ ಅಡ್ವಾನ್ಸ್ ಕೊಡಬೇಡಿ.