ಹತ್ತು ನಿಮಿಷದ ದಿವಾನರು

ಒಬ್ಬರಿಗೆ ಟೋಪಿ ಹಾಕಿದರೆ ಅದು ಮೋಸ, ಪೇಟ ತೊಡಿಸಿದರೆ ಸನ್ಮಾನ. ಎರಡರ ನಡುವಿನ ಅಂತರ ಎಷ್ಟೆಂದು ಕಳೆದ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದಲ್ಲಿ ತಲೆಯೊಡ್ಡಿ ಅಳೆದು ಬಂದಿದ್ದೇನೆ. ಮುನ್ನೂರು ರೂಪಾಯಿ.

ಅಂದು ಎಂಜಿನಿಯರುಗಳ ದಿನ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಮುದ್ದೇನಹಳ್ಳಿ ಹತ್ತಿರವೇ ಇರುವುದರಿಂದ ಆ ದಿನ ನಮ್ಮ ಕಡೆ ಬರಿತಲೆ ಸಿಗುವುದು ಕಷ್ಟ. ಮಕ್ಕಳು ಅಪ್ಪನ ಕೋಟು, ರಟ್ಟಿನ ಪೇಟ ತೊಟ್ಟು ಶಾಲೆಗೆ ಹೋಗುತ್ತಾರೆ. ದೊಡ್ಡವರು ಅದೇ ವೇಷದಲ್ಲಿ ವೇದಿಕೆ ಹತ್ತುತ್ತಾರೆ. ಊರಿನ ಒಂದು ಸಂಘ ನನಗೂ ಸನ್ಮಾನ ಗೊತ್ತುಮಾಡಿತ್ತು. ನಾನು ಎಂಜಿನಿಯರ್ ಅಲ್ಲ. ಮನೆಯೊಂದನ್ನು ಕಟ್ಟಿಸಿದ್ದೇನೆ, ಅದೂ ಸೋರುತ್ತದೆ. ಆದರೂ ಕರೆದರು, ಹೋದೆ. ಕರೆದರೆ ಹೋಗದಿರುವವರನ್ನು ನಾನಿನ್ನೂ ನೋಡಿಲ್ಲ.

ಸನ್ಮಾನಿತರು 26, ಪೇಟ 6. ಈ ಲೆಕ್ಕ ನನಗೆ ತಿಳಿದದ್ದು ಮೊದಲನೆಯವರ ತಲೆಯಿಂದ ಏಳನೆಯವರ ತಲೆಗೆ ಪೇಟ ಜಿಗಿದಾಗ. ವೇದಿಕೆಯ ಬಲಬದಿಯಲ್ಲಿ ಇಳಿದವರ ಪೇಟವನ್ನು ಕಾರ್ಯಕರ್ತನೊಬ್ಬ ಕಿತ್ತುಕೊಂಡು, ಪರದೆಯ ಹಿಂದಿನಿಂದ ಓಡಿ, ಎಡಬದಿಯಲ್ಲಿ ಹತ್ತುವವರಿಗಾಗಿ ತಲುಪಿಸುತ್ತಿದ್ದ. ಅಂದು ಇಡೀ ಸಭಾಂಗಣದಲ್ಲಿ ಎಂಜಿನಿಯರಿಂಗ್ ಎನ್ನಬಹುದಾದ ಕೆಲಸ ಮಾಡಿದವನು ಅವನೊಬ್ಬನೇ. ನನ್ನ ಸರದಿ ಹತ್ತೊಂಬತ್ತನೆಯದು. ಆ ಪೇಟ ಆಗಲೇ ಮೂರು ತಲೆಗಳ ಬೆವರನ್ನೂ ಹರಳೆಣ್ಣೆಯನ್ನೂ ಕುಡಿದಿತ್ತು. ಅಳತೆ ಎಲ್ಲರಿಗೂ ಒಂದೇ. ನನ್ನ ಹಿಂದಿನವರಿಗೆ ಅದು ನೆತ್ತಿಯ ಮೇಲೆ ಕಾಗೆ ಕೂತಂತೆ ಕೂತಿತ್ತು. ನನಗೆ ಹುಬ್ಬು ದಾಟಿ ಮೂಗಿನವರೆಗೆ ಇಳಿಯಿತು. ಶಾಲು ಹೊದಿಸಿದವರು ಯಾರೆಂದು ಮರುದಿನ ಫೋಟೊ ನೋಡಿ ತಿಳಿದುಕೊಂಡೆ.

ಇಷ್ಟಕ್ಕೂ ಅದು ಪೇಟವೇ? ರಟ್ಟಿಗೆ ಸ್ಪಂಜು ಅಂಟಿಸಿ, ಮೇಲೆ ನೈಲಾನ್ ಬಟ್ಟೆ ಹೊಲಿದು, ಪ್ಲಾಸ್ಟಿಕ್ ಜರಿ ಬಡಿದ ಬುಟ್ಟಿ. ಪಕ್ಕದ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ ನಡೆಯುತ್ತಿರುವಾಗ ನಮ್ಮ ಗೌರವಕ್ಕೆ ಒಂದೆಳೆ ರೇಷ್ಮೆ ಸೋಕಿರಲಿಲ್ಲ.

ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಆರು ವರ್ಷ ಅವರ ತಲೆಯ ಪೇಟವನ್ನು ಯಾರೂ ಹಿಂದಕ್ಕೆ ಕೇಳಲಿಲ್ಲ. ಆ ಕಾಲದಲ್ಲಿ ಪೇಟವಾಗಲಿ ರುಮಾಲಾಗಲಿ ಬಿರುದಲ್ಲ, ಉಡುಪು. ಅಮಲ್ದಾರರು, ವಕೀಲರು, ಮೇಷ್ಟ್ರು, ಗುಮಾಸ್ತರು ಎಲ್ಲರೂ ಮುಚ್ಚುಕೋಟಿನ ಜೊತೆಗೆ ಅದನ್ನೂ ಏರಿಸಿಕೊಂಡು ಕೆಲಸಕ್ಕೆ ಹೊರಡುತ್ತಿದ್ದರು. ಬರಿತಲೆಯಲ್ಲಿ ಕಚೇರಿಗೆ ಹೋಗುವುದೆಂದರೆ ಈಗ ಪ್ಯಾಂಟು ಮರೆತು ಹೋದಂತೆ. ಉದ್ದನೆಯ ಬಟ್ಟೆಯನ್ನು ಮಂಡಿಗೆ ಸುತ್ತಿ, ಪದರದ ಮೇಲೆ ಪದರ ಕೂರಿಸಿ, ಜರಿ ಅಂಚು ಹಣೆಯ ನೇರಕ್ಕೆ ಬರುವಂತೆ ಎಳೆದು ಕಟ್ಟಬೇಕಿತ್ತು. ಕಟ್ಟುವವನಿಗೆ ತನ್ನ ತಲೆ ಎಷ್ಟು ದೊಡ್ಡದು ಎಂಬುದು ದಿನವೂ ಬೆಳಿಗ್ಗೆ ಗೊತ್ತಾಗುತ್ತಿತ್ತು. ಈ ಅನುಕೂಲ ನಮಗಿಲ್ಲ.

ದೊರೆಗಳ ಟೋಪಿಗಳಿಗೂ ಒಂದೊಂದು ಕೆಲಸವಿತ್ತು. 1849ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗಟ್ಟಿ ದುಂಡು ಬೌಲರ್ ಟೋಪಿ, ಕುದುರೆಯೇರಿ ಕಾಡು ಕಾಯುವವರ ತಲೆಗೆ ಕೊಂಬೆ ಬಡಿಯದಿರಲಿ ಎಂದು ಮಾಡಿಸಿದ್ದು. ಬೆಂಡಿನ ಸೋಲಾ ಟೋಪಿ ಬಿಸಿಲಿಗೆ. ಇನ್ನು ಗೂಡು ಮಾರಲು ಬರುವ ನಮ್ಮ ರೈತನ ತಲೆಯ ಟವೆಲ್ಲಿಗೆ ಮೂರು ಕೆಲಸ: ಬೆವರು ಒರೆಸುವುದು, ದುಡ್ಡು ಕಟ್ಟಿಕೊಳ್ಳುವುದು, ಕಿಟಕಿಯಿಂದ ಎಸೆದು ಬಸ್ಸಿನಲ್ಲಿ ಸೀಟು ಹಿಡಿಯುವುದು. ಸನ್ಮಾನದ ಪೇಟಕ್ಕೆ ಫೋಟೊ ಬಿಟ್ಟರೆ ಬೇರೆ ಉದ್ಯೋಗವಿಲ್ಲ.

ನನ್ನ ಫೋಟೊ ಮುಗಿಯಿತು. ಇಳಿಯುವಾಗ ಕಾರ್ಯಕರ್ತ ಕೈಚಾಚಿದ. ನಾನು ಎರಡೂ ಕೈಗಳಿಂದ ಪೇಟ ಹಿಡಿದುಕೊಂಡೆ.

“ಸರ್, ಬೇಗ ಕೊಡಿ. ಇಪ್ಪತ್ತೈದನೆಯವರು ಕಾಯುತ್ತಿದ್ದಾರೆ.”

“ಇದು ನನಗೆ ತೊಡಿಸಿದ್ದಲ್ಲವೇನಪ್ಪಾ?”

“ಶಾಲು ನಿಮ್ಮದು, ಹಣ್ಣಿನ ಬುಟ್ಟಿ ನಿಮ್ಮದು. ಪೇಟ ಬಾಡಿಗೆಯದು ಸರ್. ಬೇಕೇಬೇಕೆಂದರೆ ಮುನ್ನೂರು ಕೊಟ್ಟುಬಿಡಿ.”

ಕೊಟ್ಟೆ. ಇಪ್ಪತ್ತೈದನೆಯವರು ಬರಿತಲೆಯಲ್ಲೇ ಗೌರವಿಸಲ್ಪಟ್ಟರು. ಈಗಲೂ ನನ್ನೊಡನೆ ಮಾತಾಡುವುದಿಲ್ಲ.

ಹಣ ಕೊಟ್ಟ ಮೇಲೆ ಉಪಯೋಗಿಸಬೇಡವೇ? ಮುಂದಿನ ವಾರ ನೆಂಟರ ಮದುವೆಗೆ ಅದನ್ನೇ ತೊಟ್ಟು, ಹಳೆಯ ಕರಿ ಕೋಟು ಹಾಕಿಕೊಂಡು ಹೊರಟೆ. ಹಣೆಯ ಒಳಗಡೆಗೆ ನಾಲ್ಕು ಮಡಿಕೆ ದಿನಪತ್ರಿಕೆ ತುರುಕಿದ್ದರಿಂದ ಕಣ್ಣು ಕಾಣುತ್ತಿತ್ತು. ನನ್ನಾಕೆ ಮಾತ್ರ ನನ್ನಿಂದ ಹತ್ತು ಹೆಜ್ಜೆ ಹಿಂದೆಯೇ ನಡೆದು ಬಂದಳು. ಅವಳಿಗಾಗಿ ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತೆ. ಒಳಗೆ ಬಂದ ಮೊದಲನೆಯವರು “ಊಟದ ಹಾಲ್ ಮೇಲಾ, ಕೆಳಗಾ?” ಎಂದರು. ಎರಡನೆಯವರು ಕೊಡೆ ಕೊಟ್ಟು ಒಳಗಿಡಲು ಹೇಳಿದರು. ಮೂರನೆಯ ಮಗು ಪನ್ನೀರು ಹಾಕಿಸಿಕೊಳ್ಳಲು ತಲೆ ಬಗ್ಗಿಸಿ ನಿಂತಿತು.

ಆಗ ಕಂಡದ್ದು, ಬಾಗಿಲಿನ ಆ ಬದಿಯಲ್ಲಿ ನನ್ನಂಥದೇ ಪೇಟ ತೊಟ್ಟು, ಕೈಯಲ್ಲಿ ಪನ್ನೀರುದಾನಿ ಹಿಡಿದು ನಿಂತಿದ್ದ ಹುಡುಗ. ಬಾಗೇಪಲ್ಲಿಯವನಂತೆ. ಬೆಳಿಗ್ಗೆ ಏಳರಿಂದ ನಿಂತಿದ್ದಾನೆ, ರಾತ್ರಿ ಆರತಕ್ಷತೆ ಮುಗಿಯುವವರೆಗೂ ಇರುತ್ತಾನೆ. ಎಲ್ಲ ಮದುವೆಯಲ್ಲೂ ಹೀಗೆಯೇ. ಹತ್ತು ನಿಮಿಷದ ನಾನು ಅವನೆದುರು ಹೊಸಬ.

“ಅಂಕಲ್, ನಿಮ್ಮನ್ನು ಯಾವ ಏಜೆನ್ಸಿಯವರು ಕಳಿಸಿದರು?” ಎಂದು ಮೆಲ್ಲಗೆ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹತ್ತಿರ ಬಂದು, ಪೇಟವನ್ನು ತೆಗೆದು, ಪತ್ರಿಕೆಯನ್ನು ಹೊರಗೆಳೆದು ಬಿಸಾಡಿದ. ಜೇಬಿನಿಂದ ಎರಡು ಸೇಫ್ಟಿ ಪಿನ್ ತೆಗೆದು ಹಿಂಬದಿಯನ್ನು ಬಿಗಿದು ಮತ್ತೆ ಇಟ್ಟ. ಹಣೆಗೆ ನೇರವಾಗಿ, ಅಲುಗಾಡದೆ ಕೂತಿತು.

“ನೀವು ಆ ಕಡೆ ನೋಡಿಕೊಳ್ಳಿ,” ಎಂದ, “ಈ ಕಡೆ ನಾನು ನೋಡುತ್ತೇನೆ.”