ಪ್ರಾಜೆಕ್ಟ್ ಓಡುತ್ತದೆ, ಸರಿ. ಪ್ರಶ್ನೆ ಏನಾಗಿತ್ತು?

ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ಓದಿ ಓದಿ ಒಂದು ಅಭ್ಯಾಸ ಅಂಟಿಕೊಂಡಿದೆ. ಪ್ರಬಂಧ ಕೈಗೆ ಬಂದ ಕೂಡಲೇ ಕೃತಜ್ಞತೆ, ಪೀಠಿಕೆ ಎಲ್ಲವನ್ನೂ ದಾಟಿ, ಇವರು ಕೇಳಿಕೊಂಡ ಪ್ರಶ್ನೆ ಎಲ್ಲಿದೆ ಎಂದು ಹುಡುಕುತ್ತೇನೆ. ಎಷ್ಟೋ ಸಲ ಅದು ಸಿಗುವುದೇ ಇಲ್ಲ. ಚೌಕಗಳು, ಬಾಣಗಳು ತುಂಬಿದ ವಿನ್ಯಾಸದ ಚಿತ್ರ ಇರುತ್ತದೆ. ಲಾಗಿನ್ ಪುಟದ ಸ್ಕ್ರೀನ್‌ಶಾಟ್ ಕೂಡ ಇರುತ್ತದೆ, ಅದು ಯಾಕೋ ದೇವರೇ ಬಲ್ಲ. ಇಂಥದ್ದನ್ನು ಕಟ್ಟಿದೆವು, ಅದು ಓಡುತ್ತದೆ ಎಂಬಲ್ಲಿಗೆ ಪ್ರಬಂಧ ಮುಗಿಯುತ್ತದೆ. ಓಡುತ್ತದೆ, ಸಂತೋಷ. ಆದರೆ ಇದಕ್ಕೆ ಮೊದಲು ಯಾರಿಗೂ ಗೊತ್ತಿರದ ಯಾವ ಸಂಗತಿ ಈಗ ಗೊತ್ತಾಯಿತು?

ಪ್ರಾಜೆಕ್ಟ್ ಮುಗಿಸದೆ ಎಳೆದಾಡುವವರನ್ನು ಸೋಮಾರಿಗಳೆಂದು ಬೈಯುವುದು ರೂಢಿ. ನಾನು ಕಂಡ ಮಟ್ಟಿಗೆ ಅವರಲ್ಲಿ ಹೆಚ್ಚಿನವರು ನಿದ್ದೆಗೆಟ್ಟು ದುಡಿಯುವವರೇ. ಏನು ಸಿಕ್ಕರೆ ಕೆಲಸ ಮುಗಿದಂತೆ ಎಂಬುದನ್ನು ತೀರ್ಮಾನಿಸದೆ ಹೊರಟಿರುತ್ತಾರೆ, ಹಾಗಾಗಿ ಅದು ಮುಗಿಯುವುದಿಲ್ಲ. ಇನ್ನೊಂದು ಮಾದರಿ (ದತ್ತಾಂಶದಿಂದ ಕಲಿಯುವ ಪ್ರೋಗ್ರಾಂ) ಸೇರಿಸೋಣ, ಇನ್ನೊಂದು ದತ್ತಾಂಶ ತರೋಣ, ಮೊಬೈಲ್ ಆ್ಯಪ್ ಕೂಡ ಮಾಡಿಬಿಡೋಣ ಎಂದು ಕೆಲಸ ಅಡ್ಡಡ್ಡ ಬೆಳೆಯುತ್ತದೆ.

'ಕೃತಕ ಬುದ್ಧಿಮತ್ತೆಯ ಮೂಲಕ ಸುಳ್ಳು ಸುದ್ದಿಯ ಪತ್ತೆ' ಎಂದು ಒಬ್ಬರು ಬರೆದುಕೊಂಡು ಬರುತ್ತಾರೆ. ಇದು ಶೀರ್ಷಿಕೆ, ಪ್ರಶ್ನೆಯಲ್ಲ. ತಲೆಬರಹಗಳನ್ನಷ್ಟೇ ಓದಿ ಕಲಿತ ಮಾದರಿಯನ್ನು ಒಂದು ವರ್ಷದ ನಂತರದ ಸುದ್ದಿಗಳ ಮೇಲೆ ಪ್ರಯೋಗಿಸಿದರೆ ಅದರ ನಿಖರತೆ ಎಷ್ಟು ಕುಸಿಯುತ್ತದೆ, ಸುದ್ದಿಯನ್ನು ಪೂರ್ತಿ ಓದಿ ಕಲಿತ ಮಾದರಿ ಅದಕ್ಕಿಂತ ಕಡಿಮೆ ಕುಸಿಯುತ್ತದೆಯೇ ಎಂದರೆ ಅದು ಪ್ರಶ್ನೆ. ಇದಕ್ಕೆ ಹೌದು ಎಂಬ ಉತ್ತರ ಬಂದರೂ ಪ್ರಬಂಧ ಗಟ್ಟಿಯಾಗಿ ನಿಲ್ಲುತ್ತದೆ, ಇಲ್ಲ ಎಂದು ಬಂದರೂ ನಿಲ್ಲುತ್ತದೆ, ಎರಡೂ ಅಷ್ಟಕ್ಕಷ್ಟೇ ಎಂದು ಬಂದರೂ ನಿಲ್ಲುತ್ತದೆ. ಹೀಗೆ ಯಾವ ಉತ್ತರ ಬಂದರೂ ನಿಲ್ಲಬಲ್ಲ ಪ್ರಶ್ನೆಯನ್ನು ಹಿಡಿದವರು ಗಡುವಿನ ಹೊತ್ತಿಗೆ ಮುಗಿಸುತ್ತಾರೆ. 'ನನ್ನ ವಿಧಾನವೇ ಗೆಲ್ಲಬೇಕು' ಎಂದು ಹೊರಟವರು ಅದು ಗೆಲ್ಲುವವರೆಗೂ ಸೆಟ್ಟಿಂಗ್‌ಗಳ ಗುಂಡಿ ತಿರುಗಿಸುತ್ತಲೇ ಇರುತ್ತಾರೆ.

ಇಷ್ಟು ಸಣ್ಣ ಪ್ರಶ್ನೆ ಸಾಕೇ ಎಂಬ ಅಳುಕು ಎಲ್ಲರಿಗೂ ಇರುತ್ತದೆ. ಮಾಹಿತಿ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಕ್ಲಾಡ್ ಶಾನನ್ 1937ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬರೆದದ್ದು ಸ್ನಾತಕೋತ್ತರ ಪ್ರಬಂಧವೇ. ರಿಲೇ (ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್ಚು) ಮತ್ತು ಸ್ವಿಚ್ಚುಗಳ ಸರ್ಕ್ಯೂಟುಗಳನ್ನು ಜಾರ್ಜ್ ಬೂಲ್ ಎಂಬ ಹತ್ತೊಂಬತ್ತನೆಯ ಶತಮಾನದ ಗಣಿತಜ್ಞ ಕಟ್ಟಿದ ತರ್ಕದ ಬೀಜಗಣಿತದಲ್ಲಿ ಬರೆಯಬಹುದೇ ಎಂಬುದು ಅದರ ತಿರುಳು. ಡಿಜಿಟಲ್ ಸರ್ಕ್ಯೂಟುಗಳ ವಿನ್ಯಾಸವೆಲ್ಲ ಆ ತಳಹದಿಯ ಮೇಲೆ ನಿಂತಿತು. ಡೇವಿಡ್ ಹಫ್‌ಮನ್ ಅವರದ್ದು ಇನ್ನೂ ಸಣ್ಣದು. 1951ರಲ್ಲಿ ಅವರ ಅಧ್ಯಾಪಕರಾದ ರಾಬರ್ಟ್ ಫಾನೊ, ಅಂತಿಮ ಪರೀಕ್ಷೆ ಬರೆಯಿರಿ ಅಥವಾ ಒಂದು ಲೇಖನ ಒಪ್ಪಿಸಿ ಎಂದು ಆಯ್ಕೆ ಕೊಟ್ಟಿದ್ದರು. ಅಕ್ಷರಗಳು ಎಷ್ಟೆಷ್ಟು ಸಲ ಬರುತ್ತವೆ ಎಂಬುದು ಗೊತ್ತಿದ್ದರೆ ಅವುಗಳಿಗೆ ಅತಿ ಕಡಿಮೆ ಬಿಟ್‌ಗಳ, ಅಂದರೆ ಸೊನ್ನೆ–ಒಂದುಗಳ, ಸಂಕೇತ ಕೊಡುವುದು ಹೇಗೆ ಎಂಬುದೇ ಆ ಲೇಖನದ ವಿಷಯ. ಫಾನೊ ಅವರ ಸ್ವಂತ ವಿಧಾನ ಅಕ್ಷರಗಳ ಗುಂಪನ್ನು ಮೇಲಿನಿಂದ ಒಡೆಯುತ್ತಾ ಬರುತ್ತಿತ್ತು, ಹಫ್‌ಮನ್ ಕೆಳಗಿನಿಂದ ಜೋಡಿಸುತ್ತಾ ಹೋದರು, ಲೆಕ್ಕ ಸರಿಹೋಯಿತು. ಇವತ್ತು ಜಿಪ್ ಕಡತದೊಳಗೂ ಜೆಪೆಗ್ ಚಿತ್ರದೊಳಗೂ ಅದು ಕೂತಿದೆ. ಎಲ್ಲರೂ ಶಾನನ್ ಆಗಬೇಕೆಂದು ನಾನು ಹೇಳುತ್ತಿಲ್ಲ. ಅವರಿಬ್ಬರೂ ಕೇಳಿದ್ದನ್ನು ಒಂದೊಂದು ವಾಕ್ಯದಲ್ಲಿ ಹೇಳಿಬಿಡಬಹುದು, ಅಷ್ಟನ್ನು ಗಮನಿಸಿ.

ಪ್ರಶ್ನೆ ಸರಿಯಿದ್ದೂ ಪ್ರಬಂಧ ಮುಳುಗುವುದು ಅಳತೆಯ ಅಧ್ಯಾಯದಲ್ಲಿ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಬೇಸರಿಸಬೇಡಿ.

ಶೇ. 99 ನಿಖರತೆ ಎಂಬ ಸಾಲು ಕಂಡರೆ ನನಗೆ ಮೊದಲು ಬರುವುದು ಅನುಮಾನ. ಸಾವಿರ ದಾಖಲೆಗಳಲ್ಲಿ ರೋಗವಿರುವುದು ಹತ್ತರಲ್ಲಿ ಮಾತ್ರ ಎಂದುಕೊಳ್ಳಿ. ಏನನ್ನೂ ನೋಡದೆ 'ರೋಗವಿಲ್ಲ, ರೋಗವಿಲ್ಲ' ಎಂದು ಸಾವಿರ ಸಲ ಹೇಳುವ ಒಂದು ಸಾಲಿನ ಕೋಡಿಗೂ ಶೇ. 99 ಸಿಗುತ್ತದೆ. ಅದು ಪತ್ತೆ ಮಾಡಿದ ರೋಗಿಗಳ ಸಂಖ್ಯೆ ಸೊನ್ನೆ. ಹಾಗಾಗಿ ಪೆದ್ದು ವಿಧಾನವೊಂದನ್ನು ಪಕ್ಕಕ್ಕೆ ಇಟ್ಟುಕೊಳ್ಳದೆ ಯಾವ ಅಂಕಿಯನ್ನೂ ಬರೆಯಬಾರದು. ಬೇಸ್‌ಲೈನ್ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದನ್ನು ಸೋಲುವುದಕ್ಕಾಗಿಯೇ ಆರಿಸುತ್ತಾರೆ. ಸ್ವಂತ ಮಾದರಿಗೆ ವಾರಗಟ್ಟಲೆ ಆರೈಕೆ, ಎದುರಾಳಿಗೆ ತಂತ್ರಾಂಶದ ಜೊತೆ ಬಂದ ಸಿದ್ಧ ಸೆಟ್ಟಿಂಗ್! ಇದು ಹೋಲಿಕೆಯಲ್ಲ.

ಇನ್ನೊಂದು ತೊಂದರೆ ಸೋರಿಕೆ. ಕಲಿಸಲು ಬಳಸಿದ ದತ್ತಾಂಶ ಪರೀಕ್ಷೆಯ ದತ್ತಾಂಶದೊಳಗೆ ನುಸುಳುವುದು. ಪ್ರಶ್ನೆಪತ್ರಿಕೆಯನ್ನು ಹಿಂದಿನ ದಿನವೇ ಓದಿದವನಿಗೆ ಒಳ್ಳೆಯ ಅಂಕ ಬಂದರೆ ನಾವು ಬೆನ್ನು ತಟ್ಟುವುದಿಲ್ಲ, ಮಾದರಿಗಾದರೆ ತಟ್ಟುತ್ತೇವೆ. ಎಕ್ಸ್‌ರೇ ಚಿತ್ರಗಳನ್ನು ಕಲಸಿ ಕಲಿಕೆಗೆ ಎಂಬತ್ತು, ಪರೀಕ್ಷೆಗೆ ಇಪ್ಪತ್ತು ಎಂದು ಭಾಗ ಮಾಡಿದಾಗ ಒಬ್ಬನೇ ರೋಗಿಯ ಎರಡು ಚಿತ್ರಗಳು ಎರಡೂ ಕಡೆ ಸೇರುತ್ತವೆ. ಮಾದರಿ ರೋಗದ ಬದಲು ರೋಗಿಯನ್ನೇ ಗುರುತಿಸುತ್ತದೆ. ಭಾಗ ಮಾಡಬೇಕಾದದ್ದು ರೋಗಿಗಳನ್ನು, ಚಿತ್ರಗಳನ್ನಲ್ಲ. 2018ರಲ್ಲಿ ಪ್ರಕಟವಾದ ನ್ಯುಮೋನಿಯಾ ಕುರಿತ ಅಧ್ಯಯನವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಎಕ್ಸ್‌ರೇ ಯಾವ ಆಸ್ಪತ್ರೆಯಲ್ಲಿ ತೆಗೆದದ್ದು ಎಂಬುದನ್ನೇ ನರಜಾಲ (ಮಿದುಳಿನ ನರಕೋಶಗಳ ಜೋಡಣೆಯಿಂದ ಪ್ರೇರಿತವಾದ ಮಾದರಿ) ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳಬಲ್ಲುದೆಂದೂ, ತಂತ್ರಜ್ಞರು ಚಿತ್ರದ ಮೂಲೆಯಲ್ಲಿ ಕಾಣುವಂತೆ ಇಡುವ ಲೋಹದ ಗುರುತಿನ ಮೇಲೂ ಅದರ ಕಣ್ಣು ಬೀಳುತ್ತಿತ್ತೆಂದೂ ಅದರಲ್ಲಿ ಕಂಡುಬಂತು. ಒಂದು ಆಸ್ಪತ್ರೆಯಲ್ಲಿ ರೋಗ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೆ ಆಸ್ಪತ್ರೆ ಗೊತ್ತಾದರೂ ಸಾಕು, ಅಂಕ ಸಿಗುತ್ತದೆ. ಶ್ವಾಸಕೋಶ ನೋಡುವ ಗೋಜೇ ಬೇಡ.

ಒಂದೇ ಸಲ ಓಡಿಸಿ ಬಂದ ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುವುದಂತೂ ನನ್ನ ತಾಳ್ಮೆ ಕೆಡಿಸುತ್ತದೆ. ನರಜಾಲದ ಆರಂಭದ ತೂಕಗಳು (ಕಲಿಯುತ್ತಾ ಬದಲಾಗುವ ಒಳಗಿನ ಅಂಕಿಗಳು) ಯಾದೃಚ್ಛಿಕ, ದತ್ತಾಂಶ ಕಲಸುವ ಕ್ರಮವೂ ಯಾದೃಚ್ಛಿಕ. ಅವನ್ನು ನಿರ್ಧರಿಸುವ ಸೀಡ್ ಸಂಖ್ಯೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಬಲವರ್ಧನ ಕಲಿಕೆಯ (ಬಹುಮಾನ ನೋಡಿ ತಪ್ಪು–ಸರಿ ಕಲಿಯುವ ವಿಧಾನ) ಕುರಿತ ಪ್ರಸಿದ್ಧ ಪ್ರಯೋಗವೊಂದರಲ್ಲಿ ಒಂದೇ ಅಲ್ಗಾರಿದಂ, ಒಂದೇ ಸೆಟ್ಟಿಂಗ್ ಇಟ್ಟು, ಸೀಡ್ ಮಾತ್ರ ಬದಲಿಸಿ ಹತ್ತು ಸಲ ಓಡಿಸಿದ್ದರು. ಐದೈದರ ಎರಡು ಗುಂಪು ಮಾಡಿ ಸರಾಸರಿಯ ಗೆರೆ ಎಳೆದರೆ ಅವು ಎರಡು ಬೇರೆ ಅಲ್ಗಾರಿದಂಗಳೇನೋ ಎನ್ನುವಷ್ಟು ದೂರ ನಿಂತಿದ್ದವು. ಸೀಡನ್ನು ಕಟ್ಟಿಹಾಕಿದರೂ ಪೂರ್ತಿ ಬಿಡುಗಡೆಯಿಲ್ಲ. ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಕೂಡುವಾಗ ಕ್ರಮ ಬದಲಾದರೆ ಕೊನೆಯ ಅಂಕೆಗಳು ಅಲ್ಲಾಡುತ್ತವೆ, ಗ್ರಾಫಿಕ್ಸ್ ಪ್ರೊಸೆಸರ್ ಸಮಾನಾಂತರವಾಗಿ ಕೂಡುವಾಗ ಆ ಕ್ರಮ ಪ್ರತಿ ಸಲವೂ ಒಂದೇ ಇರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಹಲವು ಸಲ ಓಡಿಸಿ, ಸರಾಸರಿಯ ಜೊತೆಗೆ ಏರಿಳಿತವನ್ನೂ ಬರೆಯಿರಿ. ನಿಮ್ಮ ವಿಧಾನದ ಗೆಲುವು 0.4, ಏರಿಳಿತ 1.1 ಎಂದಾದರೆ ನೀವು ಗೆದ್ದಿರೆಂದು ಹೇಳುವಂತಿಲ್ಲ. 'ಎರಡೂ ವಿಧಾನಗಳ ನಡುವೆ ವ್ಯತ್ಯಾಸ ಕಾಣಲಿಲ್ಲ' ಎಂದು ಬರೆದರೆ ಯಾವ ಪರೀಕ್ಷಕನೂ ನಿಮ್ಮನ್ನು ತಿನ್ನುವುದಿಲ್ಲ. ತಿನ್ನುವವನಿದ್ದರೆ ಅವನಿಗೆ ಸಂಶೋಧನೆ ಎಂದರೇನೆಂದು ಗೊತ್ತಿಲ್ಲ.

ಕೋಷ್ಟಕದಲ್ಲಿ 87.3 ಎಂದಿದೆ. ಯಾವ ಕೋಡಿನಿಂದ ಬಂತು? ಉತ್ತರವಾಗಿ 'ಫೈನಲ್', 'ಫೈನಲ್ ಹೊಸದು', 'ಫೈನಲ್ ಇದೇ' ಎಂಬ ಮೂರು ಫೋಲ್ಡರ್‌ಗಳು ತೆರೆದುಕೊಳ್ಳುತ್ತವೆ. ಲಿನಕ್ಸ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲೇ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಬರೆದುಕೊಟ್ಟಿದ್ದಾರೆ, ಅದನ್ನು ಬಳಸಲು ಕಾಸೂ ಕೊಡಬೇಕಿಲ್ಲ. ಪ್ರತಿ ಫಲಿತಾಂಶದ ಕಡತದಲ್ಲಿ ಕಮಿಟ್ ಗುರುತು (ಕೋಡಿನ ಯಾವ ದಾಖಲೆ ಎಂಬುದು), ಸೀಡ್, ಸೆಟ್ಟಿಂಗ್‌ಗಳು, ಬಳಸಿದ ತಂತ್ರಾಂಶ ಲೈಬ್ರರಿಗಳ ಆವೃತ್ತಿ ತಾನಾಗಿಯೇ ಬರೆದುಕೊಳ್ಳುವಂತೆ ನಾಲ್ಕು ಸಾಲು ಸೇರಿಸಿ. ಕೋಷ್ಟಕವನ್ನು ಕೈಯಿಂದ ಟೈಪ್ ಮಾಡುವ ಬದಲು ಆ ಕಡತಗಳಿಂದಲೇ ಹುಟ್ಟಿಸಿ. ಕೊನೆಯ ವಾರ ಮಾರ್ಗದರ್ಶಕರು 'ಈ ಅಂಕಿಯನ್ನು ಇನ್ನೊಮ್ಮೆ ನೋಡಿ' ಎಂದಾಗ ಬೆವರುವುದು ತಪ್ಪುತ್ತದೆ.

ಮಾರ್ಗದರ್ಶಕರ ವಿಷಯ ಬಂತು. ಅವರು ಸಿಗುವುದಿಲ್ಲ ಎಂಬ ದೂರು ಹಲವು ಕಡೆ ನಿಜ. ಭೇಟಿಗೆ ಹೋಗುವಾಗ ಒಂದು ಪುಟ ಬರೆದುಕೊಂಡು ಹೋದವರಿಗೆ ಹೆಚ್ಚು ಸಿಗುತ್ತಾರೆ ಎಂಬುದೂ ನಿಜ. ಇದರ ಬಗ್ಗೆ ಇಷ್ಟು ಸಾಕು.

ಬರೆಯುವುದನ್ನು ಕೊನೆಗೆ ಇಟ್ಟುಕೊಳ್ಳುವ ಪದ್ಧತಿಯನ್ನು ಯಾರು ಹಾಕಿಕೊಟ್ಟರೋ ಕಾಣೆ. ವಿಧಾನದ ಅಧ್ಯಾಯವನ್ನು ವಿಧಾನ ನಡೆಯುತ್ತಿರುವಾಗಲೇ ಬರೆಯಬಹುದು. ಖಾಲಿ ಕೋಷ್ಟಕಗಳನ್ನು ಪ್ರಯೋಗಕ್ಕೂ ಮೊದಲೇ ಬರೆಯಬಹುದು, ಬರೆಯಬೇಕು. ಅಡ್ಡಸಾಲಿಗೆ ಏನು, ನೀಟಸಾಲಿಗೆ ಏನು ಎಂದು ಹೊಳೆಯದಿದ್ದರೆ ಯಾವ ಪ್ರಯೋಗ ಮಾಡಲಿದ್ದೀರಿ ಎಂಬುದೇ ನಿಮಗೆ ತಿಳಿದಿಲ್ಲ. ಪ್ರಬಂಧದ ಪುಟ ಜೋಡಿಸುವ ಲೇಟೆಕ್‌ ತಂತ್ರಾಂಶದಲ್ಲಿ ಚಿತ್ರವೊಂದು ಪುಟದಿಂದ ಪುಟಕ್ಕೆ ಜಿಗಿಯುವುದನ್ನು ತಡೆಯಲು ದಿನಗಟ್ಟಲೆ ಕೂರುವವರನ್ನು ನೋಡಿದ್ದೇನೆ. ಬರೆಯದೆ ತಪ್ಪಿಸಿಕೊಳ್ಳಲು ಅದಕ್ಕಿಂತ ಗೌರವಾನ್ವಿತ ದಾರಿ ಇನ್ನೊಂದಿಲ್ಲ.

ಈಗ ಕೋಡನ್ನೂ ಪ್ರಬಂಧವನ್ನೂ ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳೇ ಬರೆದುಕೊಡುತ್ತವಲ್ಲ ಎನ್ನುವವರಿದ್ದಾರೆ. ಬಳಸಿ, ನಿಮ್ಮ ವಿಶ್ವವಿದ್ಯಾಲಯದ ನಿಯಮ ಒಪ್ಪಿದರೆ, ಬಳಸಿದ್ದನ್ನು ಹೇಳಿಕೊಂಡು. ಆದರೆ ಅವು ಇಲ್ಲದ ಲೇಖನಗಳನ್ನು ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಸಮೇತ ಸೃಷ್ಟಿಸಿ ಕೊಡಬಲ್ಲವು, ಆಕರಗಳ ಪಟ್ಟಿಯಲ್ಲಿ ಅಂಥದ್ದೊಂದು ಸಿಕ್ಕಿಬಿದ್ದರೆ ಉಳಿದ ಪುಟಗಳನ್ನೂ ಯಾರೂ ನಂಬುವುದಿಲ್ಲ. ಮೌಖಿಕ ಪರೀಕ್ಷೆಯಲ್ಲಿ ನಾನು ಕೇಳುವ ಪ್ರಶ್ನೆಗಳೂ ಸರಳವೇ. ಈ ಸಾಲನ್ನು ತೆಗೆದರೆ ಏನಾಗುತ್ತದೆ? ಕಲಿಕೆಯ ದರವನ್ನು (ಮಾದರಿ ಪ್ರತಿ ಹೆಜ್ಜೆಗೆ ಎಷ್ಟು ಬದಲಾಗಬೇಕು ಎಂಬುದನ್ನು) ಹೀಗೇ ಯಾಕೆ ಇಟ್ಟಿರಿ? 'ಮೂರು ದರಗಳನ್ನು ನೋಡಿದೆ, ಇದರಲ್ಲಿ ನಷ್ಟ, ಅಂದರೆ ತಪ್ಪಿನ ಅಳತೆ, ಬೇಗ ಇಳಿಯಿತು, ನಾಲ್ಕನೆಯದಕ್ಕೆ ಸಮಯವಿರಲಿಲ್ಲ' ಎಂದರೆ ಸಾಕು, ನನಗೆ ತೃಪ್ತಿ. 'ಎಲ್ಲರೂ ಅದನ್ನೇ ಬಳಸುತ್ತಾರೆ ಸರ್' ಎಂದರೆ ಮುಂದಿನ ಪ್ರಶ್ನೆ ಸ್ವಲ್ಪ ಕಷ್ಟದ್ದಾಗುತ್ತದೆ.

ಕೊನೆಯ ಅಧ್ಯಾಯದ 'ಮುಂದಿನ ಕೆಲಸ' ಎಂಬ ಭಾಗದ ಮೇಲೂ ಒಂದು ತಕರಾರಿದೆ. 'ಇನ್ನೂ ಹೆಚ್ಚಿನ ದತ್ತಾಂಶ ಬಳಸಿ ನಿಖರತೆಯನ್ನು ಹೆಚ್ಚಿಸಬಹುದು' ಎಂಬ ವಾಕ್ಯವನ್ನು ಯಾವ ಪ್ರಬಂಧದ ಕೊನೆಗೆ ಅಂಟಿಸಿದರೂ ನಿಲ್ಲುತ್ತದೆ, ಅದೇ ಅದರ ದೋಷ. ಅಲ್ಲಿ ಒಂದು ಪ್ರಯೋಗವನ್ನು ಬರೆಯಿರಿ. ಯಾವ ದತ್ತಾಂಶದ ಮೇಲೆ, ಯಾವುದಕ್ಕೆ ಹೋಲಿಸಿ, ಅಂಕಿ ಎಷ್ಟಕ್ಕಿಂತ ಕೆಳಗಿಳಿದರೆ ನಿಮ್ಮ ಈಗಿನ ತೀರ್ಮಾನವೇ ಬಿದ್ದುಹೋಗುತ್ತದೆ ಎಂಬುದನ್ನೂ ಸೇರಿಸಿ. ಮುಂದಿನ ವರ್ಷ ಬರುವ ವಿದ್ಯಾರ್ಥಿ ನಿಮ್ಮ ಕೋಡ್ ಇಳಿಸಿಕೊಂಡು ಮೊದಲ ವಾರವೇ ಅದನ್ನು ಓಡಿಸಿ ನೋಡುವಂತಿರಲಿ.