ನೀರು ಕಾಣದ ಮೀನುಗಳು

ಬೆಳಿಗ್ಗೆ ಏರಿದ ಸಿಟ್ಟು ಸಂಜೆಯಾದರೂ ಇಳಿದಿಲ್ಲ. ಬರೆದು ಹಗುರಾಗುತ್ತೇನೆ, ಸಹಿಸಿಕೊಳ್ಳಿ.

ಇಲ್ಲಿ ಗಾಳದ ಸಾಮಾನು ಮಾರುವ ಅಂಗಡಿಯೊಂದಕ್ಕೆ ಇಂದು ಕೈಯಲ್ಲೇ ಮಾಡಿದ ದೊಡ್ಡ ಸ್ವಿಮ್‌ಬೇಟ್‌ಗಳು, ಅಂದರೆ ಗಾಳಕ್ಕೆ ಕಟ್ಟುವ ಕೃತಕ ಮೀನುಗಳು, ಬರುವುದಿದ್ದವು. ಬಾಗಿಲು ತೆಗೆಯುವ ಮೊದಲೇ ಸಾಲು. ನನ್ನ ಮುಂದಿದ್ದ ಪುಣ್ಯಾತ್ಮ ಉಳಿದಿದ್ದ ಮೂರನ್ನೂ ಎತ್ತಿಕೊಂಡ. ಮುಂದೆ ನಿಂತಿದ್ದ, ಕೊಂಡ. ಅದಕ್ಕೆ ನನ್ನ ತಕರಾರಿಲ್ಲ. ಯಾವ ಕೆರೆಗೆ ಹೊರಟಿದ್ದೀರಿ ಎಂದು ಮಾತಿಗೆ ಕೇಳಿದೆ. ಚಿನ್ನದ ಬಳೆ ತೊಟ್ಟು ಪಾತ್ರೆ ತೊಳೆಯುತ್ತೀರಾ ಎಂದು ಕೇಳಿದೆನೇನೋ ಅನ್ನುವ ಹಾಗೆ ನನ್ನನ್ನು ನೋಡಿದ. ನಾನು ಕಾರು ಹತ್ತುವಷ್ಟರಲ್ಲಿ ಅವುಗಳಲ್ಲಿ ಎರಡರ ಫೋಟೊ ಮಾರಾಟದ ಗುಂಪಿನಲ್ಲಿ ಹಾಜರು. ಬೆಲೆ ಎರಡು ಪಟ್ಟಿಗೂ ಹೆಚ್ಚು. ಕೆಳಗೆ ಒಂದು ಸಾಲು: ‘ಇನ್ನೂ ನೀರಿಗಿಳಿಸಿಲ್ಲ.’

ನೀರಿಗಿಳಿಸಿಲ್ಲ ಎಂಬುದು ಹೆಗ್ಗಳಿಕೆಯಂತೆ! ಮೀನು ಹಿಡಿಯಲೆಂದು ಮಾಡಿದ ಮೀನು ನೀರನ್ನೇ ಕಂಡಿಲ್ಲ ಎಂದು ಎದೆಯುಬ್ಬಿಸಿ ಹೇಳುವ ಕಾಲ ಬಂತು.

ನನ್ನ ಗಾಳದ ಹುಚ್ಚು ನಿಮಗೆ ಹೊಸದಲ್ಲ. ತುಂಗೆಯ ದಡದಲ್ಲಿ ಎರೆಹುಳು ಸಿಕ್ಕಿಸಿಕೊಂಡು ಕೂರುತ್ತಿದ್ದವನು ಕ್ಯಾಲಿಫೋರ್ನಿಯಾಕ್ಕೆ ಬಂದು ಲಾರ್ಜ್‌ಮೌತ್ ಬಾಸ್ ಎಂಬ ಅಗಲ ಬಾಯಿಯ ಸಿಹಿನೀರಿನ ಮೀನಿನ ಹಿಂದೆ ಬಿದ್ದ ಪುರಾಣವನ್ನು ಹಲವು ಸಲ ಕೇಳಿದ್ದೀರಿ. ಈ ಸ್ವಿಮ್‌ಬೇಟ್ ಏಕೆ ಹುಟ್ಟಿತು ಎಂಬುದನ್ನು ಮಾತ್ರ ಇನ್ನೊಮ್ಮೆ ಹೇಳಲೇಬೇಕು. ಇಲ್ಲವಾದರೆ ನನ್ನ ಸಿಟ್ಟಿಗೆ ಅರ್ಥವಿಲ್ಲ.

ಕ್ಯಾಲಿಫೋರ್ನಿಯಾದ ಬಾಸ್ ಮೊದಲಿನಿಂದಲೂ ದೈತ್ಯವಲ್ಲ. 1959ರಲ್ಲಿ ಫ್ಲಾರಿಡಾ ತಳಿಯ ಬಾಸ್ ಅನ್ನು ತಂದು ಸ್ಯಾನ್ ಡಿಯೇಗೊದ ಜಲಾಶಯಗಳಿಗೆ ಬಿಟ್ಟರು. ಇತ್ತ ಹವ್ಯಾಸಿಗಳು ಹಿಡಿಯಲಿ ಎಂದು ಸರ್ಕಾರದವರು ಚಳಿಗಾಲದಲ್ಲಿ ಲಾರಿಗಟ್ಟಲೆ ರೇನ್‌ಬೋ ಟ್ರೌಟ್ ಮೀನು ತಂದು ಕೆರೆಗಳಿಗೆ ಸುರಿಯುತ್ತಿದ್ದರು. ಸಾಕಣೆ ಕೇಂದ್ರದಲ್ಲಿ ಬೆಳೆದು ಶತ್ರುವೆಂದರೇನು ಎಂದೇ ಅರಿಯದ, ಕೊಬ್ಬಿದ ಟ್ರೌಟ್. ಬಾಸ್‌ಗಳಿಗೆ ಹಬ್ಬವಾಯಿತು. ಕ್ಯಾಸ್ಟೇಕ್, ಕಸಿಟಾಸ್‌ನಂಥ ಜಲಾಶಯಗಳಲ್ಲಿ ಇಪ್ಪತ್ತು ಪೌಂಡ್ ದಾಟಿದ ಬಾಸ್‌ಗಳು ಸಿಕ್ಕವು. ಗೇಣುದ್ದದ ಟ್ರೌಟ್ ನುಂಗಿ ಬೆಳೆದ ಹೆಣ್ಣು ಬಾಸ್ (ದೈತ್ಯವಾಗುವುದೆಲ್ಲ ಹೆಣ್ಣೇ) ಬೆರಳುದ್ದದ ಪ್ಲಾಸ್ಟಿಕ್ ಹುಳುವಿಗೆ ಏಕೆ ಮೈ ಅಲುಗಿಸೀತು? ಹಾಗಾಗಿ ಆಲನ್ ಕೋಲ್ ಎಂಬವರು ಮರ ಕೆತ್ತಿ, ರಬ್ಬರ್ ಬಾಲ ಸಿಕ್ಕಿಸಿ ಎಸಿ ಪ್ಲಗ್ ಎಂಬ ಟ್ರೌಟ್ ಮಾಡಿದರು. ಆಮೇಲೆ ಕೆನ್ ಹಡಲ್‌ಸ್ಟನ್ ಮೆತ್ತನೆಯ ದೇಹದ ಎಂಟು ಇಂಚಿನ ಟ್ರೌಟ್ ಮಾಡಿದರು. ಹಡಲ್‌ಸ್ಟನ್ ಬೇಟ್‌ನ ಹೆಸರಿನ ಮುಂದೆ 5, 12, 16 ಎಂಬ ಅಂಕಿಗಳಿರುತ್ತವೆ. ಹತ್ತು ಸೆಕೆಂಡಿನಲ್ಲಿ ಎಷ್ಟು ಅಡಿ ಮುಳುಗುತ್ತದೆ ಎಂಬ ಲೆಕ್ಕ ಅದು. ಅಷ್ಟು ಲೆಕ್ಕ ಹಾಕಿ ಮಾಡಿದ್ದು ಮುಳುಗಲಿ ಎಂದು, ಶೋಕೇಸಿನಲ್ಲಿ ನಿಲ್ಲಲಿ ಎಂದಲ್ಲ ಸ್ವಾಮಿ!

ಈಗಿನ ಸಂಗ್ರಾಹಕರಿಗೆ ಪ್ರಾಣಸಂಕಟದ ವಿಷಯವೊಂದಿದೆ: ಗೀರು. ಬೇಟ್‌ನ ಹೊಟ್ಟೆಯ ಕೆಳಗೆ ಮೂರು ಮೊನೆಯ ಕೊಕ್ಕೆಗಳು ಸಣ್ಣ ಉಂಗುರದಲ್ಲಿ ತೂಗುತ್ತಿರುತ್ತವೆ. ಎಸೆದಾಗಲೊಮ್ಮೆ, ಎಳೆದಾಗಲೊಮ್ಮೆ ಆ ಮೊನೆ ಅತ್ತಿತ್ತ ಆಡಿ ಪಕ್ಕೆಯ ಬಣ್ಣದ ಮೇಲೆ ಕಮಾನಿನಾಕಾರದ ಗೆರೆ ಕೊರೆಯುತ್ತದೆ. ಮೊದಲು ಮೇಲಿನ ಹೊಳಪು ಹೋಗುತ್ತದೆ, ಆಮೇಲೆ ಬಣ್ಣ, ಕೊನೆಗೆ ಒಳಗಿನ ಮರವೇ ಇಣುಕುತ್ತದೆ. ಒಂದೇ ಅಳತೆಯ ಗೆರೆಗಳು ಒಂದರ ಮೇಲೊಂದು ಬಿದ್ದಿರುವುದನ್ನು ನೋಡಿಯೇ ಇದು ಎಷ್ಟು ದುಡಿದ ಬೇಟ್ ಎಂದು ಹೇಳಬಹುದು. ಬಾಸ್ ಕಚ್ಚಿದ ಗುರುತು ಬೇರೆ. ಅದರ ದವಡೆಯಲ್ಲಿ ಬೆರಳಿಗೆ ಒರಟಾಗಿ ತಾಗುವ ಸಣ್ಣ ಹಲ್ಲುಗಳ ಪಟ್ಟಿ. ಅದು ಬಣ್ಣವನ್ನು ಗೀರುವುದಿಲ್ಲ, ಉಜ್ಜಿ ಮಂಕು ಮಾಡುತ್ತದೆ. ನನಗೆ ಆ ಮಂಕಾದ ಜಾಗವೇ ಬೇಟ್‌ನ ಅಂದ. ಮಾರುಕಟ್ಟೆಯಲ್ಲಿ ಅದರಿಂದಲೇ ಬೆಲೆ ಅರ್ಧಕ್ಕಿಳಿಯುತ್ತದೆ. ಮೀನು ಕಚ್ಚಿದ್ದಕ್ಕೆ ಬೆಲೆ ಕಡಿಮೆ!

‘ಅವನ ದುಡ್ಡು, ಅವನ ಇಷ್ಟ, ನಿನಗೇನು ಹೊಟ್ಟೆನೋವು?’ ಎಂದು ನಿಮ್ಮಲ್ಲಿ ಕೆಲವರು ಈಗಾಗಲೇ ಟೈಪಿಸತೊಡಗಿರುತ್ತೀರಿ. ಇನ್ನೂ ಜಾಣರು, ಸಂಗ್ರಾಹಕರು ಇರುವುದರಿಂದಲೇ ಗ್ಯಾರೇಜಿನಲ್ಲಿ ಕೂತು ಒಂದೊಂದಾಗಿ ಕೆತ್ತುವ ಕುಶಲಕರ್ಮಿಯ ಒಲೆ ಉರಿಯುತ್ತಿದೆ ಎನ್ನುತ್ತಾರೆ. ಒಳ್ಳೆಯ ವಾದ, ಸ್ವಲ್ಪ ಹೊತ್ತು ನಾನೂ ಒಪ್ಪಿದ್ದೆ. ಆದರೆ ಮರುಮಾರಾಟದಲ್ಲಿ ಏರಿದ ದುಡ್ಡಿನಲ್ಲಿ ಕೆತ್ತಿದವನ ಕೈ ಸೇರುವುದೆಷ್ಟು? ಸೊನ್ನೆ. ಆತ 300 ಡಾಲರ್‌ಗೆ ಮಾರಿದ್ದು ಹದಿನೈದು ನಿಮಿಷದಲ್ಲಿ ಏಳುನೂರಕ್ಕೆ ಹೋದರೆ ಮಧ್ಯದ ನಾಲ್ಕುನೂರು ಸಾಲಿನಲ್ಲಿ ಬೇಗ ನಿಂತವನ ಪಾಲು. ಅದನ್ನು ಕಲಾಪೋಷಣೆ ಎನ್ನುವುದಾದರೆ, ಸಿನಿಮಾ ಮಂದಿರದ ಹೊರಗೆ ಬ್ಲ್ಯಾಕಿನಲ್ಲಿ ಟಿಕೆಟ್ ಮಾರುತ್ತಿದ್ದವರಿಗೂ ರಾಜ್ಯೋತ್ಸವ ಪ್ರಶಸ್ತಿ ಸಿಗಬೇಕಿತ್ತು.

ಹೊಟ್ಟೆನೋವು ಇದೆ, ಸುಳ್ಳೇಕೆ. ನನ್ನ ಹತ್ತಿರವೂ ಒಂದು ದುಬಾರಿ ಗ್ಲೈಡ್ ಬೇಟ್ (ನೀರಿನಲ್ಲಿ ಎಡಬಲಕ್ಕೆ ಜಾರುವ ಸ್ವಿಮ್‌ಬೇಟ್) ಇದೆ. ಅದರ ಬೆಲೆ ಮನೆಯವಳಿಗೆ ಗೊತ್ತು, ಊರಿನಲ್ಲಿರುವ ಅಮ್ಮನಿಗೆ ಇಂದಿಗೂ ಗೊತ್ತಿಲ್ಲ. ಒಮ್ಮೆ ವಿಡಿಯೊ ಕರೆಯಲ್ಲಿ ಮೇಜಿನ ಮೇಲಿದ್ದದ್ದನ್ನು ನೋಡಿ, ‘ಮಗುವಿಗೆ ತಂದ ಆಟಿಕೆಯೇನೋ?’ ಎಂದು ಕೇಳಿದರು. ಹೌದಮ್ಮ ಎಂದೆ. ಅಸಲು ಬೆಲೆ ಹೇಳಿದ್ದರೆ ಅಷ್ಟು ದುಡ್ಡಿಗೆ ಎಷ್ಟು ಕೆಜಿ ಅಂಜಲ್ ಬರುತ್ತದೆ ಎಂಬ ಲೆಕ್ಕ ಅಲ್ಲೇ ಶುರುವಾಗುತ್ತಿತ್ತು. ಹಿಡಿದ ಬಾಸ್ ಅನ್ನು ಮತ್ತೆ ನೀರಿಗೇ ಬಿಡುತ್ತೇನೆ ಎಂಬ ಸುದ್ದಿಯನ್ನೇ ಅವರು ಇನ್ನೂ ಅರಗಿಸಿಕೊಂಡಿಲ್ಲ.

ಆ ಬೇಟ್ ಅನ್ನು ಎಸೆಯುವಾಗ ಪ್ರತಿ ಸಲವೂ ಎದೆ ಧಸಕ್ಕೆನ್ನುತ್ತದೆ. ದಾರ ತುಂಡಾದರೆ, ತಳದ ಮರದ ಬೇರಿಗೆ ಸಿಕ್ಕಿದರೆ, ಹೋಯಿತು. ಆದರೂ ಎಸೆಯುತ್ತೇನೆ, ಏಕೆಂದರೆ ಅದು ಮಾಡುವ ಕೆಲಸ ಶೋಕೇಸಿನಲ್ಲಿ ಕಾಣುವಂಥದ್ದಲ್ಲ. ರೀಲಿನ ಹಿಡಿಯನ್ನು ಅರ್ಧ ಸುತ್ತು ತಿರುಗಿಸಿ ಬಿಟ್ಟರೆ ಬೇಟ್ ಎಡಕ್ಕೆ ಅಗಲವಾಗಿ ಜಾರುತ್ತದೆ. ಇನ್ನರ್ಧ ಸುತ್ತಿಗೆ ಬಲಕ್ಕೆ. ಎಂಟು ಅಡಿಯ ರಾಡ್, ನೂರು ಗ್ರಾಂ ದಾಟಿದ ಬೇಟ್. ಮಧ್ಯಾಹ್ನದ ಹೊತ್ತಿಗೆ ಭುಜ ಬಿದ್ದುಹೋಗಿರುತ್ತದೆ. ಇಡೀ ದಿನ ಒಂದೂ ಕಚ್ಚದಿರುವುದು ಮಾಮೂಲು. ಕೆಲವೊಮ್ಮೆ ತಳದ ಕಪ್ಪಿನಿಂದ ಇನ್ನೊಂದು ಕಪ್ಪು ಬಿಡಿಸಿಕೊಂಡು ಮೇಲೇಳುತ್ತದೆ. ಬೇಟ್‌ನ ಬಾಲಕ್ಕೆ ಮೂತಿ ತಾಗುವಷ್ಟು ಹತ್ತಿರ ಬಂದು, ಅದು ನಿಂತರೆ ತಾನೂ ನಿಂತು, ಸರಿದರೆ ತಾನೂ ಸರಿಯುತ್ತದೆ. ಎದೆಯ ರೆಕ್ಕೆಗಳ ಅಲುಗಾಟ ಕೂಡ ಕಾಣುತ್ತದೆ. ದೋಣಿಯವರೆಗೂ ಬಂದು, ನನ್ನನ್ನೊಮ್ಮೆ ನೋಡಿ, ಅವಸರವಿಲ್ಲದೆ ತಿರುಗಿ ಹೋಗುತ್ತದೆ. ಹೆಣ್ಣು ನೋಡಲು ಹೋದವನಿಗೆ ಉಪ್ಪಿಟ್ಟು, ಕೇಸರಿಬಾತು ಬಡಿಸಿ ‘ಆಮೇಲೆ ತಿಳಿಸುತ್ತೇವೆ’ ಎಂದು ಬೀಳ್ಕೊಟ್ಟಷ್ಟೇ ಮರ್ಯಾದೆ ನನಗೆ. ಆ ರಾತ್ರಿ ನಿದ್ದೆ ಬರುವುದಿಲ್ಲ. ಇದನ್ನು ಡಬ್ಬಿಯೊಳಗಿನ ಮೀನು ಯಾರಿಗೆ ಕೊಟ್ಟೀತು?

ದುಬಾರಿ ಬೇಟ್ ಇದ್ದರೆ ದೊಡ್ಡ ಮೀನು ಸಿಗುತ್ತದೆ ಎಂಬ ಭ್ರಮೆಯೂ ಬೇಡ. 1932ರಲ್ಲಿ ಜಾರ್ಜಿಯಾ ರಾಜ್ಯದ ಮಾಂಟ್ಗೊಮರಿ ಲೇಕ್‌ನಲ್ಲಿ 22 ಪೌಂಡ್ 4 ಔನ್ಸ್ ತೂಕದ ಬಾಸ್ ಹಿಡಿದು ವಿಶ್ವದಾಖಲೆ ಬರೆದ ಜಾರ್ಜ್ ಪೆರ್ರಿ ಬಡ ರೈತ ಹುಡುಗ. ಅವನಿಗೂ ಗೆಳೆಯನಿಗೂ ಸೇರಿ ಅಂದು ಇದ್ದದ್ದು ಒಂದೇ ಕೃತಕ ಮೀನು ಎನ್ನುತ್ತಾರೆ. ಹಿಡಿದ ಮೀನನ್ನು ಮನೆಯವರೆಲ್ಲ ಸೇರಿ ತಿಂದರು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಆ ದಾಖಲೆಯನ್ನು ಸರಿಗಟ್ಟಿದ್ದು ಜೀವಂತ ಬ್ಲೂಗಿಲ್ ಮೀನನ್ನು ಕೊಕ್ಕೆಗೆ ಸಿಕ್ಕಿಸಿ. ಕುರಿಟಾರ ಮೀನು ಒಂದು ಔನ್ಸಿನಷ್ಟು ಹೆಚ್ಚೇ ತೂಗಿತ್ತು. ಆದರೆ ಹಳೆಯ ದಾಖಲೆ ಮುರಿಯಲು ಎರಡು ಔನ್ಸ್ ಹೆಚ್ಚಿರಬೇಕು ಎಂಬ ನಿಯಮದಿಂದ ಸಮಬಲ ಎಂದು ಘೋಷಿಸಿದರು. ನಮ್ಮ ಕಾವೇರಿಯಲ್ಲಿ ಮಹಶೀರ್‌ಗೆ ಹಾಕುತ್ತಿದ್ದದ್ದು ರಾಗಿಯ ಉಂಡೆ. ಅದನ್ನು ಯಾರೂ ‘ನೀರಿಗಿಳಿಸಿಲ್ಲ’ ಎಂದು ಬರೆದು ಮಾರಾಟಕ್ಕಿಟ್ಟದ್ದು ಕೇಳಿಲ್ಲ. ಇಟ್ಟರೆ ಮರುದಿನಕ್ಕೆ ಹಳಸುತ್ತಿತ್ತು, ಬಚಾವ್.

ಕೊನೆಗೊಂದು ವ್ಯವಹಾರದ ಮಾತು. ಬೇ ಏರಿಯಾದ ಗೆಳೆಯರೇ, ನಿಮ್ಮ ಬಳಿಯಾಗಲಿ, ನಿಮ್ಮ ಸಹೋದ್ಯೋಗಿಗಳ ಬಳಿಯಾಗಲಿ ಬಣ್ಣ ಹೋದ, ಬಾಲ ಹರಿದ, ಮೈತುಂಬ ಗೀರು ಬಿದ್ದ ದೊಡ್ಡ ಸ್ವಿಮ್‌ಬೇಟ್ ಇದ್ದರೆ ಇನ್‌ಬಾಕ್ಸಿಗೆ ಬನ್ನಿ, ನ್ಯಾಯವಾದ ಬೆಲೆ ಕೊಡುತ್ತೇನೆ. ಡಬ್ಬಿ ಬಿಚ್ಚದ್ದು ಇದ್ದರೆ ದಯವಿಟ್ಟು ಫೋಟೊ ಕೂಡ ಕಳಿಸಬೇಡಿ. ಬಿಪಿ ಮಾತ್ರೆ ಈಗಷ್ಟೇ ನುಂಗಿದ್ದೇನೆ.